ಹಾಡಿನ ಹಿಂದಿನ ಸದ್ದು

ಹಾರಗಳ ಕೆಳಗೆ ಕೈ ತೂರಿಸಿ, ಗಂಡನ ಎದೆಯ ಮೇಲೆ ಇಟ್ಟಿದ್ದ ರೆಕಾರ್ಡನ್ನು ಶೀಲಾವತಿ ಮೆಲ್ಲಗೆ ಹೊರಗೆಳೆದುಕೊಂಡಳು. ಎರಡು ಚೆಂಡುಹೂ ಉರುಳಿ ಕೊರಗಪ್ಪನ ಗದ್ದಕ್ಕೆ ಆನಿಕೊಂಡವು. ಕೋಣೆಯಲ್ಲಿ ಹದಿನೆಂಟು ಜನ ಕೂತಿದ್ದರು. ಹದಿನೆಂಟೂ ಬಾಯಿ ಒಮ್ಮೆಲೇ ಮುಚ್ಚಿದವು. ಬೊಂಬಾಯಿಯ ಲೋವರ್ ಪರೇಲಿನ ಆ ಚಾಳಿಗೆ ಅಡಿಪಾಯ ಹಾಕಿದ ದಿನದಿಂದ ಅಷ್ಟು ಬಾಯಿ ಒಟ್ಟಿಗೆ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ರೆಕಾರ್ಡನ್ನು ಅಲ್ಲಿ ಇಟ್ಟವನು ನೀಲಕಂಠಪ್ಪ. ಧಾರವಾಡದವನು, ಫೋರ್ಟಿನಲ್ಲಿ ರೇಡಿಯೊ ಅಂಗಡಿಯವನು, ತೀರಿಹೋದವನ ಇಪ್ಪತ್ತು ವರ್ಷದ ಗೆಳೆಯ. ಸತ್ತವನಿಗೆ ಪ್ರಿಯವಾದದ್ದು ಸತ್ತವನ ಜೊತೆಗೇ ಹೋಗಬೇಕೆಂದು ಅವನೇ ಕಣ್ಣೀರು ಒರೆಸಿಕೊಳ್ಳುತ್ತ ಇಟ್ಟಿದ್ದ.

"ಅದು ಅವನ ಸಂಗಾಟ ಹೋಗೂದು ಬ್ಯಾಡೇನ ತಂಗಿ?" ಎಂದ.

"ಹೋಗುದಾದ್ರೆ ಹೋಗಲಿ," ಎಂದಳು ಶೀಲಾವತಿ. "ಒಮ್ಮೆ ನಾನು ಕೇಳಿದ ಮೇಲೆ."

ಬಾಗಿಲ ಬಳಿ ನಿಂತಿದ್ದ ಶೇಖರ ತಲೆಯೆತ್ತಿದ. ಕೊರಗಪ್ಪನ ತಮ್ಮ. ಬೆಳಗಿನ ಮೊದಲ ಲೋಕಲಿಗೆ ಬೊರಿವಲಿಯಿಂದ ಬಂದವನು, ಬಂದಾಗಿನಿಂದ ಕೈಗಡಿಯಾರವನ್ನು ನೂರು ಸಲ ನೋಡಿದ್ದ. ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ಎತ್ತಬೇಕೆಂದು ಹಿರಿಯರು ಹೇಳಿದ್ದರು. ಬಿದಿರು, ಮಡಕೆ ಎಲ್ಲ ಕೆಳಗೆ ಬಂದಾಗಿತ್ತು.

"ಅತ್ತಿಗೆ, ಹೆಣ ಮನೆಯಲ್ಲಿಟ್ಟು ಹಾಡು ಹಾಕ್ಲಿಕ್ಕೆ ಉಂಟಾ? ಜನ ಎಂತ ಹೇಳಿಯಾರು?"

"ನಾನು ಹಾಡು ಕೇಳುದಿಲ್ಲ ಶೇಖರ," ಎಂದಳು ಅವಳು. ಅದರ ಅರ್ಥ ಅಲ್ಲಿ ಯಾರಿಗೂ ಆಗಲಿಲ್ಲ. ಅರ್ಥ ಆಗಬೇಕಿದ್ದ ಒಬ್ಬನು ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದ.

ಕೊರಗಪ್ಪನ ಕಿವಿಯ ಖ್ಯಾತಿ ಅಷ್ಟಿಷ್ಟಲ್ಲ. ಕೊಲಾಬಾದಲ್ಲಿ ಕೂತು, ಬೊರಿವಲಿಯ ಸೊಳ್ಳೆ ಯಾವ ಶ್ರುತಿಯಲ್ಲಿ ಹಾಡುತ್ತದೆಂದು ಹೇಳಬಲ್ಲನೆಂದು ನೀಲಕಂಠಪ್ಪ ಗಿರಾಕಿಗಳಿಗೆ ಹೇಳುತ್ತಿದ್ದ. ಅದರಲ್ಲಿ ಅರ್ಧ ಸುಳ್ಳೆಂದು ಕಳೆದರೂ ದಾದರಿನ ಸೊಳ್ಳೆಯಾದರೂ ಉಳಿಯುತ್ತದಲ್ಲ. ವಾರದ ಆರು ದಿನ ಅವನು ಫೋರ್ಟಿನ ಉಡುಪಿ ಹೋಟೆಲಿನ ಹಣದ ಗಲ್ಲೆಯಲ್ಲಿ ಕೂತವನು. ಭಾನುವಾರ ಮಾತ್ರ ಬೊಂಬಾಯಿಯ ದೊಡ್ಡ ಮನೆಗಳ ಬಾಗಿಲು ಅವನಿಗೆ ತೆರೆಯುತ್ತಿತ್ತು. ಆಗಷ್ಟೇ ಹೈಫೈ ಎಂಬ ಹೊಸ ಹುಚ್ಚು ಹಡಗಿನಿಂದ ಇಳಿದಿತ್ತು: ರೆಕಾರ್ಡು ತಿರುಗಿಸುವ ಯಂತ್ರ ಒಂದು, ಒಲೆಯ ಕೆಂಡದ ಹಾಗೆ ಹೊಳೆಯುವ ವಾಲ್ವುಗಳ ಆಂಪ್ಲಿಫೈಯರ್ ಇನ್ನೊಂದು, ಗೋದ್ರೇಜ್ ಕಪಾಟಿನ ತಮ್ಮನಂಥ ಸ್ಪೀಕರ್ ಪೆಟ್ಟಿಗೆ ಮತ್ತೊಂದು. ಕೊರಗಪ್ಪ ಬಂದು ಕೇಳಿ ಪಾಸು ಮಾಡದೆ ಯಾವ ಶೆಟ್ಟಿಯೂ ಯಾವ ಸೇಠನೂ ಅಂಥ ಸೆಟ್ಟನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಅವನು ತನ್ನದೇ ರೆಕಾರ್ಡು ಒಯ್ಯುತ್ತಿದ್ದ. ಒಂದೇ ಒಂದು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ಕಾಲದ್ದು, ಉಣ್ಣೆಯ ಶಾಲಿನ ಚೀಲದಲ್ಲಿ, ಬಾಣಂತಿಯನ್ನು ಕರೆದೊಯ್ಯುವ ಹಾಗೆ. ಹೋದ ಕೂಡಲೇ ಅವನ ಕಾನೂನು ಶುರು. ಫ್ಯಾನು ನಿಲ್ಲಿಸಬೇಕು. ಗೋಡೆ ಗಡಿಯಾರದ ಲೋಲಕ ಹಿಡಿಯಬೇಕು. ಬಾಯಲ್ಲಿ ಎಲೆಯಡಿಕೆ ಇರುವವರು ಉಗಿದು ಬರಬೇಕು. ಹೆಂಗಸರು ಬಳೆ ತೆಗೆದಿಡಬೇಕು, ಇಲ್ಲವೇ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಳ್ಳಬೇಕು. ಆಮೇಲೆ ಮುಳ್ಳು ಇಳಿಯಬೇಕು. ಅವನು ಎರಡೂ ಕಣ್ಣು ಮುಚ್ಚಿ ಕೂರುವನು. ಹಾಡು ಎರಡು ನಿಮಿಷ ದಾಟಿದ ಮೇಲೆ ಒಂದು ಜಾಗದಲ್ಲಿ ಅವನ ಬಲಗಣ್ಣು ತೆರೆದರೆ ಸೆಟ್ಟು ಪಾಸು. ತೆರೆಯದಿದ್ದರೆ, ಅದು ಲಂಡನ್ನಿನ ಅರಮನೆಯಿಂದ ಬಂದಿದ್ದರೂ ನೀಲಕಂಠಪ್ಪ ಗಾಡಿಗೆ ಹೇರಿ ವಾಪಸು ಒಯ್ಯಬೇಕು.

ಅವನು ಏನನ್ನು ಕೇಳುತ್ತಾನೆಂದು ಬೊಂಬಾಯಿಯಲ್ಲಿ ಹದಿನಾಲ್ಕು ಪಕ್ಷಗಳಿದ್ದವು. ತಂಬೂರಿಯ ಮಂದ್ರದ ತಂತಿ ಎಂದು ಕೆಲವರು, ತಬಲಾದವನ ಅಂಗೈ ಉಜ್ಜುವ ಸದ್ದು ಎಂದು ಕೆಲವರು. ಬೆಳಗಿನಿಂದಲೂ ಹೆಣದ ಸುತ್ತ ಕೂತವರು ಅದನ್ನೇ ಚರ್ಚಿಸುತ್ತಿದ್ದರು. ಬೆಳಗಾವಿಯ ಬಟ್ಟೆ ವ್ಯಾಪಾರಿ ಕಾಶಪ್ಪ, ದಾದರಿನ ಹಿಂದೂ ಕಾಲೊನಿಯಲ್ಲಿ ಸ್ವಂತ ಬಂಗಲೆಯವನು, ಎದೆ ಮುಟ್ಟಿಕೊಂಡು ಹೇಳಿದ್ದ: "ನಿಮ್ಮ ಸೆಟ್ಟಿನಂಥಾದ್ದು ಇಡೀ ಬೊಂಬಾಯಾಗ ಇನ್ನೊಂದಿಲ್ಲ ಅಂದಿದ್ದ ನನಗ."

"ನಾ ಮಾರಿದ ಎಲ್ಲಾ ಸೆಟ್ಟಿಗೂ ಹಂಗ ಅಂದಾನ್ರೀ," ಎಂದಿದ್ದ ನೀಲಕಂಠಪ್ಪ.

ಕಾಶಪ್ಪನ ಮುಖ ಆಗ ಬಾಡಿದ್ದು ಇನ್ನೂ ಅರಳಿರಲಿಲ್ಲ. ಈಗ ಶೀಲಾವತಿಯ ಕೈಯಲ್ಲಿ ರೆಕಾರ್ಡು ಕಂಡದ್ದೇ ಅವನು ಎದ್ದು ನಿಂತ. ತನ್ನ ಸೆಟ್ಟು ತರಿಸುತ್ತೇನೆ ಎಂದ. ಹಾತ್‌ಗಾಡಿ, ನಾಲ್ಕು ಹಮಾಲರು, ಗಂಟೆಯೊಳಗೆ ಮೂರನೇ ಮಾಳಿಗೆಗೆ ಏರಿಸುತ್ತೇನೆ, ಹಾಡಿಸಿ ತೋರಿಸುತ್ತೇನೆ. ಅವನ ದನಿಯಲ್ಲಿ ದುಃಖ ಎಷ್ಟಿತ್ತು, ಛಲ ಎಷ್ಟಿತ್ತು ಎಂದು ತೂಗಿ ನೋಡುವ ಪುರುಸೊತ್ತು ಶೀಲಾವತಿಗೆ ಇರಲಿಲ್ಲ. ಅವಳು ಆಗಲಿ ಎಂದು ತಲೆಯಾಡಿಸಿದಳು.

ಶೇಖರ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕೋಣೆಯ ರುದ್ರವ್ವ ಅಡ್ಡ ಬಂದಳು. ವಿಜಾಪುರದವಳು. ಅವಳು ದನಿ ಎತ್ತಿ ಅತ್ತರೆ ಮಿಲ್ಲಿನ ಸೈರನ್ನು ನಾಚಿ ತಡವಾಗಿ ಕೂಗುತ್ತಿತ್ತು. ಚಾಳಿನಲ್ಲಿ ಯಾರೇ ಸತ್ತರೂ ಅಳುವ ಯಜಮಾನಿಕೆ ಅವಳದೇ. "ನಮ್ಮ ಕಡೆ ಹೆಣದ ಮುಂದ ರಾತ್ರಿ ಬೆಳತನಕ ಭಜನಿ ಮಾಡ್ತಾರಪಾ," ಎಂದಳು. "ಇದೂ ಒಂದು ಭಜನಿ ಅಂತ ತಿಳಿ. ಆಕಿ ಗಂಡ, ಆಕಿ ಕೇಳ್ತಾಳ."

ಶೇಖರ ಗಡಿಯಾರ ನೋಡಿಕೊಂಡ.

* * *

ಮದುವೆಯಾದ ಹೊಸತರಲ್ಲಿ ಶೀಲಾವತಿಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತ್ತು. ಅವಳ ಗಂಡ ಯಾವುದನ್ನೂ ಸದ್ದಾಗುವಂತೆ ಕೆಳಗೆ ಇಡುತ್ತಿರಲಿಲ್ಲ. ಲೋಟ ಇಟ್ಟರೆ ಹತ್ತಿಯ ಮೇಲೆ ಹತ್ತಿ ಇಟ್ಟ ಹಾಗೆ. ಅವಳ ಕೈಯಿಂದ ಸೌಟು ಬಿದ್ದರೆ, ಪಾತ್ರೆಗೆ ಪಾತ್ರೆ ತಾಗಿದರೆ, ಅವನು ಗ್ಯಾಲರಿಯ ಆ ತುದಿಯಲ್ಲಿ ನಿಂತಿದ್ದರೂ ಹಲ್ಲಿನ ಸಂದಿನಿಂದ ಒಂದು ಉಸಿರು ಒಳಗೆ ಎಳೆದುಕೊಳ್ಳುತ್ತಿದ್ದ: ಸ್ಸ್. ಮೆಣಸು ಕಚ್ಚಿದವನ ಹಾಗೆ. ಅವಳು ಮೊದಲು ಹೆದರಿದಳು, ಆಮೇಲೆ ನಕ್ಕಳು, ಆಮೇಲೆ ಸಿಟ್ಟು ಬಂದ ದಿನ ಬೇಕೆಂದೇ ಪಾತ್ರೆ ಕುಕ್ಕುವುದನ್ನು ಕಲಿತಳು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವರ ಜಗಳವೆಂದರೆ ಅಷ್ಟೇ. ಅವಳದೊಂದು ಟಣ್, ಅವನದೊಂದು ಸ್ಸ್.

ಅದರ ಕತೆಯನ್ನು ಅವನು ಹೇಳಿದ್ದು ಅವಳೊಬ್ಬಳಿಗೇ.

ಮದುವೆಗೆ ಎರಡು ವರ್ಷ ಮೊದಲು, ಮೂವತ್ತನಾಲ್ಕನೇ ಇಸವಿಯಲ್ಲಿ, ಅವನು ಅದೇ ಫೋರ್ಟಿನ ಹೋಟೆಲಿನಲ್ಲಿ ಸಪ್ಲೈಯರ್. ಇಪ್ಪತ್ತೆರಡರ ಪ್ರಾಯ. ಹಿಂದಿನ ಗಲ್ಲಿಯಲ್ಲಿ ರೆಕಾರ್ಡು ಮಾಡುವ ಒಂದು ಕಂಪನಿಯ ಕೋಣೆ ಇತ್ತು. ಅಲ್ಲಿಗೆ ದಿನಕ್ಕೆ ಎರಡು ಸಲ ಚಾ ಹೋಗಬೇಕು. ಒಳಗೆ ಹಾಡು ನಡೆಯುತ್ತಿದ್ದರೆ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಆ ದಿನ ದೀಪ ಸುಟ್ಟುಹೋಗಿತ್ತು. ಕೊರಗಪ್ಪ ಭುಜದಿಂದ ಬಾಗಿಲು ದೂಡಿ, ಆರು ಕಪ್ಪಿನ ಟ್ರೇ ಹಿಡಿದು ಒಳಗೆ ಕಾಲಿಟ್ಟ.

ಒಳಗೆ ಎಲ್ಲರೂ ಗೊಂಬೆಗಳ ಹಾಗೆ ಕೂತಿದ್ದರು. ಗಾಯಕಿಯೊಬ್ಬಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಅಂಥ ಹಾಡು ಸ್ವರ್ಗದಲ್ಲಿ ಕೂಡ ಹಬ್ಬದ ದಿನ ಮಾತ್ರ ಇರುತ್ತದೆ ಎಂದು ಅವನು ಹೇಳುತ್ತಿದ್ದ. ಹಿಂದೆ ಹೋಗುವಂತಿಲ್ಲ, ಬಾಗಿಲು ಕಿರುಗುಟ್ಟುತ್ತದೆ. ನಿಲ್ಲುವಂತಿಲ್ಲ, ಟ್ರೇ ವಾಲುತ್ತಿದೆ. ಪಕ್ಕದಲ್ಲಿ ಒಂದು ಸ್ಟೂಲು. ಅವಳು ಸ್ವರವನ್ನು ಮೇಲಕ್ಕೆ ಒಯ್ದು, ಉಸಿರಿಗೆಂದು ಒಂದು ಕ್ಷಣ ನಿಲ್ಲಿಸಿದಳು. ಅದೇ ಕ್ಷಣಕ್ಕೆ ಟ್ರೇ ಸ್ಟೂಲಿಗೆ ತಾಗಿತು. ಒಂದು ಕಪ್ಪು ತನ್ನ ಸಾಸರಿಗೆ ಮುತ್ತು ಕೊಟ್ಟಿತು. ಟಣ್.

ಯಾರೂ ತಿರುಗಲಿಲ್ಲ. ಹಾಡು ಮುಂದೆ ಹೋಯಿತು. ಆಗೆಲ್ಲ ಮೇಣದ ತಟ್ಟೆಯ ಮೇಲೆ ಕೊರೆಯುತ್ತಿದ್ದರು; ಕೊರೆದದ್ದನ್ನು ಕೇಳಿ ನೋಡಿದರೆ ಅದು ಹಾಳಾಗುತ್ತದೆಂದು ಕೇಳದೆಯೇ ಕಳಿಸುತ್ತಿದ್ದರು. ರೆಕಾರ್ಡು ಬಂತು, ಊರೆಲ್ಲ ಮಾರಿತು. ಪಾನಿನ ಅಂಗಡಿಗಳ ಗ್ರಾಮಫೋನಿನಲ್ಲಿ ಆ ಹಾಡು ನೂರು ಸಲ ಕೇಳಿದರೂ ಕಪ್ಪು ಮಾತಾಡಲಿಲ್ಲ. ಹದಿನಾಲ್ಕು ವರ್ಷ ಕಳೆದ ಮೇಲೆ ನೀಲಕಂಠಪ್ಪನ ಅಂಗಡಿಗೆ ವಿಲಾಯತಿಯ ಹೊಸ ಸೆಟ್ಟೊಂದು ಬಂದಾಗ, ಸುಮ್ಮನೆ ಹಾಕಿ ನೋಡಿದ ಆ ರೆಕಾರ್ಡಿನೊಳಗಿಂದ, ಹಾಡಿನ ಹಿಂದೆ, ಬಹಳ ದೂರದಲ್ಲಿ ಅದು ಕೇಳಿಸಿತು. ಕೊರಗಪ್ಪನ ಬಲಗಣ್ಣು ತಾನಾಗಿ ತೆರೆದುಕೊಂಡಿತು.

ಆ ರಾತ್ರಿ ಮನೆಗೆ ಬಂದು ಅವನು ಊಟವನ್ನೂ ಮಾಡದೆ ಹೇಳಿದ, "ಶೀಲಾ, ಆ ರೆಕಾರ್ಡಿನಲ್ಲಿ ನಾನುಂಟು."

ಅವಳು ಬಿದ್ದು ಬಿದ್ದು ನಕ್ಕಿದ್ದಳು. "ನೀವು ಹಾಡಿದ್ದಾ?"

"ಹಾಡಿದ್ದಲ್ಲ. ಇಟ್ಟದ್ದು."

* * *

ಹಾತ್‌ಗಾಡಿ ಹನ್ನೊಂದೂವರೆಗೆ ಬಂತು. ಸ್ಪೀಕರ್ ಪೆಟ್ಟಿಗೆ ಮೆಟ್ಟಿಲು ಹತ್ತುವಾಗ ಚಾಳಿನ ಎಪ್ಪತ್ತು ಕೋಣೆಗಳೂ ಗ್ಯಾಲರಿಗೆ ಬಂದು ನಿಂತವು. ಎರಡನೇ ಮಾಳಿಗೆಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಹೆಣ ಇಳಿಸುವುದಕ್ಕೆ ಬಂದವರೂ ಸೆಟ್ಟು ಏರಿಸುವುದಕ್ಕೆ ಕೈ ಹಚ್ಚಿದರು. ಕಾಶಪ್ಪ ಹಿಂದಿನಿಂದ, ತನ್ನ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ, "ಮೆಲ್ಲಕ, ಮೆಲ್ಲಕ" ಎನ್ನುತ್ತ ಹತ್ತಿದ.

ಕೋಣೆಗೆ ಇದ್ದದ್ದು ಒಂದೇ ಬಲ್ಬು. ನೀಲಕಂಠಪ್ಪ ಹೆಣದ ಕಾಲ ಬಳಿ ಸ್ಟೂಲು ಹಾಕಿ ಹತ್ತಿ, ಬಲ್ಬು ಕಳಚಿ, ಅದೇ ಹೋಲ್ಡರಿನಿಂದ ವೈರು ಇಳಿಸಿದ. ಪೆಟ್ಟಿಗೆಯನ್ನು ಇಡಲು ಬೇರೆ ಜಾಗವಿರಲಿಲ್ಲ. ಕೊರಗಪ್ಪನ ತಲೆಯ ಪಕ್ಕ, ದೀಪಕ್ಕೆ ಒಂದು ಗೇಣು ಬಿಟ್ಟು ಇಟ್ಟರು. ವಾಲ್ವುಗಳು ಕೆಂಪಾದವು. ನೀಲಕಂಠಪ್ಪ ಜೇಬಿನಿಂದ ಹಳೆಯ ರೆಕಾರ್ಡುಗಳ ಮುಳ್ಳು ತೆಗೆದು ಜೋಡಿಸಿದ. ಅದು ಎರಡು ಸಲ ಕೈ ಜಾರಿ ಕೆಳಗೆ ಬಿತ್ತು.

ಆ ಸೆಟ್ಟನ್ನು ಶೀಲಾವತಿ ಮೊದಲ ಸಲ ನೋಡುತ್ತಿದ್ದಳು. ಅದು ಇದ್ದ ಬಂಗಲೆಯ ಗೇಟಿನವರೆಗೆ ಮಾತ್ರ ಒಮ್ಮೆ ಹೋಗಿದ್ದಳು.

* * *

ಹೋದ ವರ್ಷ ದೀಪಾವಳಿಯ ಮರುದಿನ. ಕಾಶಪ್ಪನ ಹೊಸ ಸೆಟ್ಟು ಪಾಸಾದ ಮೇಲೆ ಕೊರಗಪ್ಪ ಅವನ ಬಳಿ ಸಂಕೋಚದಿಂದ ಕೇಳಿಕೊಂಡಿದ್ದ: ಹೆಂಡತಿಯನ್ನು ಒಮ್ಮೆ ಕರೆದುಕೊಂಡು ಬರಲೇ, ಒಂದು ಹಾಡು, ಮೂರು ನಿಮಿಷ. ಕಾಶಪ್ಪ ಧಾರಾಳವಾಗಿ ಒಪ್ಪಿದ್ದ. ಶೀಲಾವತಿ ಇದ್ದ ಒಂದೇ ರೇಷ್ಮೆ ಸೀರೆ ಉಟ್ಟಳು, ಬಳೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಕಾನೂನು ಅವಳಿಗೆ ಬಾಯಿಪಾಠ. ಟ್ರಾಮಿನಲ್ಲಿ ರೆಕಾರ್ಡು ಅವಳ ತೊಡೆಯ ಮೇಲೇ ಕೂತು ಬಂತು.

ಗೇಟಿನ ಬಳಿ ಅವಳನ್ನು ನಿಲ್ಲಿಸಿ ಕೊರಗಪ್ಪ ಒಳಗೆ ಹೇಳಿ ಬರಲು ಹೋದ. ಕಾವಲಿನವನು ಅವಳ ಬರಿಗೈ ನೋಡಿದ, ಚಪ್ಪಲಿ ನೋಡಿದ. ಹೊಸ ಕೆಲಸದವಳಾದರೆ ಹಿಂದಿನ ಬಾಗಿಲಿಂದ ಹೋಗು ಎಂದ ಹಿಂದಿಯಲ್ಲಿ. ಬೈದು ಹೇಳಲಿಲ್ಲ, ದಾರಿ ತೋರಿಸುವ ಹಾಗೆ ಒಳ್ಳೆಯ ಮಾತಿನಲ್ಲೇ ಹೇಳಿದ.

ಗಂಡ ನಗುತ್ತ ಹೊರಗೆ ಬಂದಾಗ ಅವಳು ತಲೆನೋವು ಎಂದಳು. ಮನೆಗೆ ಹೋಗುವ ಎಂದಳು. ಅವನು ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಬಂಗಲೆಯ ಕಿಟಕಿ ನೋಡಿದ. "ಆಯ್ತು. ಇನ್ನೊಂದು ದಿವಸ ಕೇಳಿದರಾಯ್ತು," ಎಂದ. "ಅದು ಎಲ್ಲಿಗೂ ಹೋಗುದಿಲ್ಲ."

ತಿರುಗಿ ಬರುವಾಗ ಅವಳು ದಾರಿಯುದ್ದಕ್ಕೂ ಸುಳ್ಳು ತಲೆನೋವು ಅನುಭವಿಸಿದಳು. ಮನೆಗೆ ಬಂದು, ಸಿಟ್ಟು ಯಾರ ಮೇಲೆ ತೀರಿಸುವುದೆಂದು ತಿಳಿಯದೆ, "ನಿಮ್ಮ ಕಪ್ಪೂ ಇಲ್ಲ ಸಾಸರೂ ಇಲ್ಲ. ಎಲ್ಲ ನೀವು ಕಟ್ಟಿದ್ದು," ಎಂದುಬಿಟ್ಟಳು. ಅವನು ಚಾ ಕುಡಿದು ಲೋಟ ಕೆಳಗಿಟ್ಟ. ಸದ್ದೇ ಆಗಲಿಲ್ಲ. ಆಮೇಲೆ ಅವನು ಆ ರೆಕಾರ್ಡಿನ ಮಾತು ಮನೆಯಲ್ಲಿ ಎತ್ತಲಿಲ್ಲ. ನಿನ್ನೆ ಸಂಜೆ ಗಲ್ಲೆಯ ಮೇಲೆ ತಲೆಯಿಟ್ಟವನು ಏಳಲೂ ಇಲ್ಲ.

* * *

"ಫ್ಯಾನ್ ಇಲ್ಲ," ಎಂದಳು ಶೀಲಾವತಿ ಕೋಣೆಯ ಸುತ್ತ ಕಣ್ಣಾಡಿಸಿ. "ಗಡಿಯಾರ?"

ಟ್ರಂಕಿನ ಮೇಲಿದ್ದ ಟೈಂಪೀಸನ್ನು ಯಾರೋ ಗೋದಿಹಿಟ್ಟಿನ ಡಬ್ಬಿಯಲ್ಲಿ ಹೂತರು. ಕಾಶಪ್ಪ ತಾನಾಗಿಯೇ ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದ. ರುದ್ರವ್ವ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ವಿಜಾಪುರದ ಗೋಲಗುಮ್ಮಟಕ್ಕೆ ಮುಚ್ಚಳ ಹಾಕಿದಂತಾಯಿತು.

ಆಗ ಶೀಲಾವತಿ ತನ್ನ ಬಳೆ ತೆಗೆಯತೊಡಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಅವರು ಮಾಡಬೇಕಾದ ಕೆಲಸ, ಹೆಣ ಎತ್ತುವಾಗ. ಅದಕ್ಕೆಂದೇ ಒಂದು ಕಲ್ಲನ್ನು ಬಾಗಿಲ ಹಿಂದೆ ಇಟ್ಟಿದ್ದರು. ಅವಳು ಸಾಬೂನಿಲ್ಲದೆ, ಅವಸರವಿಲ್ಲದೆ, ಎಡಗೈಯ ಆರು, ಬಲಗೈಯ ಆರು, ಒಂದೂ ಒಡೆಯದಂತೆ, ಒಂದಕ್ಕೊಂದು ತಾಗದಂತೆ ಜಾರಿಸಿದಳು. ರೆಕಾರ್ಡಿನ ಶಾಲಿನ ಚೀಲ ಬರಿದಾಗಿತ್ತು. ಬಳೆಗಳನ್ನು ಅದರೊಳಗೆ ಇಟ್ಟಳು.

ರೈಲಿನ ಸದ್ದೊಂದು ಉಳಿಯಿತು. ಚಾಳಿನ ಹಿಂದೆಯೇ ಹಳಿ. ಪ್ರತಿ ಗಾಡಿಗೂ ಗೋಡೆಯ ದೇವರ ಪಟಗಳು ಪ್ರದಕ್ಷಿಣೆ ಹಾಕುತ್ತಿದ್ದವು. ಎಲ್ಲರೂ ಏನು ಮಾಡುವುದೆಂದು ನೋಡುತ್ತಿದ್ದಾಗ ಶೇಖರ ಗಂಟಲು ಸರಿಮಾಡಿಕೊಂಡ. ಹನ್ನೆರಡು ವರ್ಷ ದಿನಾ ಬೊರಿವಲಿಯಿಂದ ಚರ್ಚ್‌ಗೇಟಿಗೆ ಓಡಾಡಿದವನು. ಪಶ್ಚಿಮ ಲೈನಿನ ಟೈಂಟೇಬಲನ್ನು ರೈಲ್ವೆಯವರು ಮರೆತಾಗ ಅವನನ್ನೇ ಕೇಳುತ್ತಿದ್ದರಂತೆ.

"ಈಗ ವಿರಾರಿನದ್ದು ಒಂದು ಹೋಗ್ಬೇಕು," ಎಂದ ಕೈಗಡಿಯಾರದಿಂದ ಕಣ್ಣೆತ್ತದೆ. ಗಾಡಿ ಬಂತು, ಪಟಗಳು ಕುಣಿದವು, ಹೋಯಿತು. ಅವನು ಕೈ ಎತ್ತಿ ಹಿಡಿದಿದ್ದ. ಅದನ್ನು ಕೆಳಗೆ ಬಿಟ್ಟು, "ಇನ್ನು ನಾಲ್ಕು ನಿಮಿಷ ಎಂತದೂ ಇಲ್ಲ. ಹಾಕಿ ಅತ್ತಿಗೆ," ಎಂದ.

ನೀಲಕಂಠಪ್ಪ ಮುಳ್ಳು ಇಳಿಸಿದ.

ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದು ಚಿಟಿಪಿಟಿ. ಆಮೇಲೆ ತಂಬೂರಿ. ಆಮೇಲೆ ಗಾಯಕಿಯ ದನಿ. ಗೋಡೆಗಳು ಹಿಂದೆ ಸರಿದವು. ಹತ್ತು ಅಡಿಗೆ ಹತ್ತು ಅಡಿಯ ಆ ಕೋಣೆ ಕ್ರಾಸ್ ಮೈದಾನದಷ್ಟಾಯಿತು. ಗ್ಯಾಲರಿಯಲ್ಲಿ ನಿಂತಿದ್ದ ಮಿಲ್ಲಿನವರು ಟೊಪ್ಪಿಗೆ ತೆಗೆದರು. ಕೆಳಗೆ ನಲ್ಲಿಯ ಬಳಿ ಕೊಡ ಇಟ್ಟವರು ಕೊಡ ಎತ್ತಲಿಲ್ಲ. ಎದುರು ಚಾಳಿನ ಕಾಗೆಗಳು ಕೂಡ ಆ ಮೂರು ನಿಮಿಷ ಬೇರೆ ಜಾತಿಯ ಹಕ್ಕಿಗಳಂತೆ ನಡೆದುಕೊಂಡವು ಎಂದು ಇವತ್ತಿಗೂ ಅಲ್ಲಿ ಆಣೆ ಮಾಡಿ ಹೇಳುವವರಿದ್ದಾರೆ.

ಶೀಲಾವತಿ ಎರಡೂ ಕಣ್ಣು ಮುಚ್ಚಿ ಕೂತಿದ್ದಳು. ಹಾಡು ಅವಳ ಕಿವಿಯ ಪಕ್ಕದಿಂದ ಹೋಗುತ್ತಿತ್ತು. ಅವಳು ಅದರ ಹಿಂದೆ ಹೋದಳು: ತಂಬೂರಿಯ ಹಿಂದೆ, ತಬಲಾದ ಹಿಂದೆ, ಮುಚ್ಚಿದ ಕಿಟಕಿಯ ಆ ಕೋಣೆಯ ಗೋಡೆಯವರೆಗೆ. ಅಲ್ಲಿ ಒಂದು ಬಾಗಿಲು ಇರಬೇಕು. ಗಾಯಕಿ ಸ್ವರವನ್ನು ಮೇಲಕ್ಕೆ ಒಯ್ದಳು, ಇನ್ನೂ ಮೇಲಕ್ಕೆ, ನಿಲ್ಲಿಸಿದಳು.

ಟಣ್.

ಸಣ್ಣದು. ಕಿರುಬೆರಳಿನ ಉಗುರಿನಷ್ಟು. ಕಾಶಪ್ಪ, ನೀಲಕಂಠಪ್ಪ ಇಬ್ಬರೂ ಅಭ್ಯಾಸಬಲದಿಂದ ಒಟ್ಟಿಗೆ ಬಗ್ಗಿ ಹೆಣದ ಬಲಗಣ್ಣನ್ನು ನೋಡಿದರು. ನೋಡಿದ ಮೇಲೆ ಇಬ್ಬರೂ ಮುಖ ತಿರುಗಿಸಿಕೊಂಡರು.

ಆದರೆ ಅಷ್ಟೇ ಆಗಿರಲಿಲ್ಲ. ಟಣ್ ಎಂದದ್ದರ ಬೆನ್ನಿಗೆ, ಗಾಯಕಿ ಮತ್ತೆ ಬಾಯಿ ತೆರೆಯುವ ಮೊದಲು, ಇನ್ನೊಂದು ಇತ್ತು. ಅದನ್ನು ಕೊರಗಪ್ಪ ಯಾವತ್ತೂ ಹೇಳಿರಲಿಲ್ಲ. ಒಂಬತ್ತು ವರ್ಷ ನೂರಾರು ಮನೆಗಳಲ್ಲಿ ಕೇಳಿದರೂ ಅವನ ಕಿವಿಗೇ ಅದು ಬಿದ್ದಿರಲಾರದು. ತನ್ನ ಉಸಿರು ಯಾರಿಗೆ ಕೇಳುತ್ತದೆ?

ಸ್ಸ್.

ಇಪ್ಪತ್ತೆರಡರ ಪ್ರಾಯದ ಉಸಿರು. ಅವಳನ್ನು ಇನ್ನೂ ನೋಡದ, ಅವಳ ಊರಿನ ಹೆಸರೂ ಕೇಳದ ಉಸಿರು. ಶೀಲಾವತಿಯ ಬಲಗಣ್ಣು ತೆರೆಯಿತು. ಎಡಗಣ್ಣು ಮುಚ್ಚಿಯೇ ಇತ್ತು. ಅದರಿಂದ ನೀರು ಇಳಿಯುತ್ತಿತ್ತು.

ಹಾಡು ಮುಗಿದು ಮುಳ್ಳು ಕೊನೆಯ ಸುತ್ತಿನಲ್ಲಿ ಕರ್ ಕರ್ ಎನ್ನತೊಡಗಿದಾಗಲೂ ಯಾರೂ ಎತ್ತಲಿಲ್ಲ. ಕೊನೆಗೆ ಕಾಶಪ್ಪ, ಬೊಂಬಾಯಿಯ ದೊಡ್ಡ ವ್ಯಾಪಾರಿ, ಪರೀಕ್ಷೆ ಬರೆದ ಹುಡುಗನ ದನಿಯಲ್ಲಿ ಕೇಳಿದ, "ಪಾಸ್ ಆತೇನ್ರೀ ತಂಗಿ?"

ಅವಳು ಹೌದೆಂದು ತಲೆಯಾಡಿಸಿದಳು. ಕಾಶಪ್ಪ ಅಲ್ಲೇ ಗೋಡೆಗೆ ಒರಗಿ ಗೊಳೋ ಎಂದು ಅತ್ತ. ರುದ್ರವ್ವ ಬಾಯಿಂದ ಕೈ ತೆಗೆದಳು. ಮುಂದಿನ ಲೋಕಲ್ ಬಂದದ್ದು ಯಾರಿಗೂ ಕೇಳಿಸಲಿಲ್ಲ.

ಎತ್ತುವಾಗ ನೀಲಕಂಠಪ್ಪ ರೆಕಾರ್ಡಿಗೆಂದು ಕೈ ಚಾಚಿದ. ಶೀಲಾವತಿ ಬಳೆಯ ಚೀಲವನ್ನು ಅವನ ಕೈಗಿಟ್ಟಳು. ಅವನು ಅದನ್ನೇ ಹಾರಗಳ ಕೆಳಗೆ, ರೆಕಾರ್ಡು ಇದ್ದ ಜಾಗದಲ್ಲಿ ಇಟ್ಟ. ಬಾಗಿಲ ಹಿಂದಿನ ಕಲ್ಲನ್ನು ಯಾರೂ ಮುಟ್ಟಲಿಲ್ಲ. ಗಂಡಸರು ಮೂರು ಮಾಳಿಗೆ ಇಳಿದರು, ಹೆಂಗಸರು ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿ ಬಂದರು. ಸೆಟ್ಟು ಇವತ್ತು ಇಲ್ಲೇ ಇರಲಿ, ನಾಳೆ ಒಯ್ದರಾಯಿತು ಎಂದು ಕಾಶಪ್ಪ ಹೇಳಿ ಹೋಗಿದ್ದ. ವಾಲ್ವುಗಳು ಮೆಲ್ಲಗೆ ಆರುತ್ತಿದ್ದವು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ರುದ್ರವ್ವ ತನ್ನ ಕೋಣೆಯಿಂದ ಚಾ ತಂದಳು. ಮನೆಗೆ ಬೀಗರು ಬಂದಾಗ ಮಾತ್ರ ಹೊರಬರುತ್ತಿದ್ದ ಕಪ್ಪು, ಸಾಸರು. ಎರಡು ಗುಟುಕು ಕುಡಿ ಅಂತ ಹೇಳಿ, ಬಾಗಿಲು ಅರ್ಧ ಎಳೆದುಕೊಂಡು ಹೋದಳು.

ಶೀಲಾವತಿ ಎರಡು ಗುಟುಕು ಕುಡಿದಳು. ಹೆಣ ಇದ್ದ ಜಾಗದಲ್ಲಿ ನೆಲ ಇನ್ನೂ ಒದ್ದೆ ಇತ್ತು. ಅವಳು ಬರಿಗೈಯಿಂದ ಕಪ್ಪನ್ನು ಎತ್ತಿ ಹಿಡಿದು, ಬೇಕೆಂದೇ, ಸಾಸರಿನ ಮೇಲೆ ಕುಕ್ಕಿದಳು.

ಟಣ್.

ಆಮೇಲೆ ತಲೆ ಓರೆ ಮಾಡಿ, ಗ್ಯಾಲರಿಯ ಆ ತುದಿಯ ಕಡೆಗೆ ಕಿವಿಯಿಟ್ಟು ಕೂತಳು.